ಮೊಣಕಾಲಿನ ಮಣ್ಣು

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯೂ ಅವಳ ಅಪ್ಪ ಅಮ್ಮನೂ ಒಪ್ಪಿದ ಮೇಲೆಯೇ ಬರೆದಿದ್ದೇನೆ.)

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಅಮ್ಮ ಮಗಳನ್ನು ಕರೆದುಕೊಂಡು ಬಂದಿದ್ದು ಹೊಟ್ಟೆನೋವಿಗೆ. ಹುಡುಗಿಗೆ 15 ವರ್ಷ, ಒಂಬತ್ತನೇ ತರಗತಿ. ಕಾವ್ಯ ಅಂತ ಕರೆಯೋಣ. ಮೂರು ವಾರದಿಂದ ಸಂಜೆ ನಾಲ್ಕಾದರೆ ಸಾಕು, ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಏನೂ ತೊಂದರೆ ಇಲ್ಲ ಅಂದಿದ್ದರು. ನಾಲ್ಕೂವರೆಗೆ ಖೋ ಖೋ ಪ್ರಾಕ್ಟೀಸ್ ಇರುತ್ತೆ ಅನ್ನೋದು ಮಾತಿನ ನಡುವೆ ಗೊತ್ತಾಯಿತು. ಭಾನುವಾರ ಮಾತ್ರ ನೋವಿಲ್ಲ.

"ಖೋ ಖೋ ಅಂದ್ರೆ ಪ್ರಾಣ ಇವಳಿಗೆ. ಈಗ ಬಿಟ್ಬಿಡ್ತೀನಿ ಅಂತಾಳೆ ಮೇಡಂ. ಅವರಪ್ಪ, ಬಿಡ್ಲಿ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅಲ್ವಾ ಅಂತಾರೆ" ಎಂದರು ಅಮ್ಮ.

ಅವರನ್ನು ಹೊರಗೆ ಕೂರಿಸಿ ಕಾವ್ಯಳ ಹತ್ತಿರ ಮಾತಾಡಿದೆ. ಆಟ ಬಿಡುತ್ತೇನೆ ಅನ್ನುವ ಯಾವ ಮಗುವನ್ನೂ ನಾನು ಮೊದಲು ಕೇಳುವುದು ಒಂದೇ. ಮೈದಾನದಲ್ಲಿ ಯಾರಾದರೂ ಹೀಯಾಳಿಸುತ್ತಾರಾ, ಹೊಡೆಯುತ್ತಾರಾ, ಇಷ್ಟವಿಲ್ಲದ ರೀತಿ ಮುಟ್ಟುತ್ತಾರಾ? ಹಾಗೇನಾದರೂ ಇದ್ದರೆ ಅದು ಬೇರೆಯೇ ಪ್ರಕರಣ. ಇಲ್ಲಿ ಅಂಥದ್ದಿರಲಿಲ್ಲ.

ಇದ್ದದ್ದು ಹೀಗೆ. 14 ವರ್ಷದೊಳಗಿನವರ ತಂಡದಲ್ಲಿದ್ದಾಗ ಕಾವ್ಯ ಅಂಕಣಕ್ಕೆ ಮೊದಲು ಇಳಿಯುವ ಓಟಗಾರ್ತಿಯರ ಬ್ಯಾಚಿನಲ್ಲಿ ಓಡುತ್ತಿದ್ದಳು, ತಾಲ್ಲೂಕು ಮಟ್ಟದಲ್ಲಿ ಕಪ್ ಕೂಡ ಬಂದಿತ್ತು. ಈಗ 17ರೊಳಗಿನವರ ತಂಡ. ಉಳಿದವರು ಹೆಚ್ಚಿನವರು ಹತ್ತನೇ ತರಗತಿಯವರು, ಇವಳಿಗಿಂತ ಎತ್ತರ, ಗಟ್ಟಿ. ಖೋ ಖೋ ಪಟ್ಟಿಯಲ್ಲಿ 12 ಜನ, ಅಂಕಣಕ್ಕೆ ಇಳಿಯುವವರು 9. "ಮಿಕ್ಕ ಮೂವರಲ್ಲಿ ನಾನು ಯಾವಾಗಲೂ ಇರ್ತೀನಿ" ಅಂದಳು. ಬ್ಯಾಗು, ಚಪ್ಪಲಿ ಕಾಯುವುದು, ನೀರಿನ ಬಾಟಲಿ ತುಂಬಿಸುವುದು ಅವಳ ಕೆಲಸ. ಆಟ ಕಲಿಸುವ ಸರ್ ಏನಂತಾರೆ ಅಂತ ಕೇಳಿದೆ. "ಏನೂ ಅನ್ನಲ್ಲ ಮೇಡಂ."

ಆಮೇಲೆ ತುಂಬ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದಳು. ಪಂದ್ಯ ಮುಗಿದ ಮೇಲೆ ಎಲ್ಲರ ಮೊಣಕಾಲೂ ಕೆಂಪು ಮಣ್ಣಾಗಿರುತ್ತವೆ, ಇವಳದು ಮಾತ್ರ ಚೊಕ್ಕಟ. ಅದಕ್ಕೆ ಮನೆಗೆ ಹೊರಡುವ ಮುಂಚೆ ಕಂಬದ ಹತ್ತಿರ ಬಗ್ಗಿ, ಹಿಡಿ ಮಣ್ಣು ತೆಗೆದು ಮೊಣಕಾಲಿಗೆ ಉಜ್ಜಿಕೊಳ್ಳುತ್ತಿದ್ದಳು. ಗೇಟಿನ ಹತ್ತಿರವೇ ಅಪ್ಪ ಕೇಳುತ್ತಾರಲ್ಲ, "ಇವತ್ತು ಆಡಿಸಿದ್ರಾ?"

ಅಪ್ಪ ಕೆಟ್ಟವರಲ್ಲ. ಮುಂದಿನ ವಾರ ಅಂಗಡಿ ಬಾಗಿಲು ಹಾಕಿ ಬಂದು ಕೂತರು. ಪ್ರೋತ್ಸಾಹ ಕೊಡಬೇಕು ಅಂತಲೇ ಅವರು ಕೇಳುತ್ತಿದ್ದದ್ದು. ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರಲ್ಲ, ಆ ವಿಡಿಯೊ ತೋರಿಸಿ "ನೋಡು, ಹಳ್ಳಿ ಹುಡುಗಿ, ಹೇಗೆ ಮೇಲೆ ಬಂದಳು" ಅಂತ ದಿನಾ ಹೇಳುತ್ತಿದ್ದರಂತೆ. ಚೈತ್ರಾ ಬಗ್ಗೆ ನನಗೂ ತುಂಬ ಹೆಮ್ಮೆ. ಆದರೆ ಬ್ಯಾಗು ಕಾಯುತ್ತಾ ಕೂತ ಹುಡುಗಿಗೆ ವಿಶ್ವಕಪ್ ತೋರಿಸಿದರೆ ಅವಳು ಅಳೆಯುವುದು ನಡುವಿನ ದೂರವನ್ನೇ.

ಅಪ್ಪನಿಗೆ ಒಂದೇ ಒಂದು ಕೆಲಸ ಹೇಳಿದೆ. "ಆಡಿಸಿದ್ರಾ" ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಅದರ ಬದಲು ಬೇರೆ ಜಾಣ ಪ್ರಶ್ನೆಯೂ ಬೇಡ. ಊಟ ಮಾಡಿಸಿ, ಅವಳೇ ಬಾಯಿ ಬಿಡುವ ತನಕ ಕಾಯಿರಿ. ಮೊಣಕಾಲಿನ ಮಾತು ಹೇಳಲಿಲ್ಲ, ಅದನ್ನು ಹೇಳುವ ಹಕ್ಕು ಅವಳದು. ಸರ್ ಹತ್ತಿರ ಹೋಗಿ ಜಗಳ ಆಡಬೇಡಿ ಅಂತಲೂ ಕೇಳಿಕೊಂಡೆ. ಅಪ್ಪ ಕೂಗಾಡಿ ಕೊಡಿಸಿದ ಜಾಗದಲ್ಲಿ ಕೂತರೆ ತಂಡದ ಹುಡುಗಿಯರ ಮುಖ ನೋಡುವುದೇ ಕಷ್ಟವಾಗುತ್ತೆ.

ಕಾವ್ಯಳನ್ನು ಕೊರೆಯುತ್ತಿದ್ದದ್ದು ಹೊರಗೆ ಕೂರುವುದಕ್ಕಿಂತ ಜಾಸ್ತಿ, ಯಾಕೆ ಕೂರಿಸಿದ್ದಾರೆ ಅಂತ ಗೊತ್ತಿಲ್ಲದಿರುವುದು. ಗೊತ್ತಿಲ್ಲದ ಕಡೆ ಮಕ್ಕಳು ತಮ್ಮದೇ ಉತ್ತರ ತುಂಬಿಕೊಳ್ಳುತ್ತಾರೆ. "ನಾನು ದಂಡ" ಅನ್ನುವುದು ಇವಳ ಉತ್ತರವಾಗಿತ್ತು. ಹಾಗಾಗಿ ಸರ್ ಬಾಯಿಂದಲೇ ಕಾರಣ ಬರಬೇಕಿತ್ತು, ಕೇಳುವವಳೂ ಇವಳೇ ಆಗಬೇಕಿತ್ತು. "ನನ್ನನ್ನ ಯಾಕೆ ಆಡಿಸಲ್ಲ ಸರ್" ಅಂದರೆ ಅದು ದೂರು, ಅವರೂ ಸಮಜಾಯಿಷಿ ಕೊಡಲು ನೋಡುತ್ತಾರೆ. "ಮೊದಲ ಒಂಬತ್ತರೊಳಗೆ ಬರಬೇಕಂದ್ರೆ ನಾನು ಯಾವುದನ್ನ ಸರಿ ಮಾಡ್ಕೋಬೇಕು ಸರ್?" ಅಂದರೆ ಉತ್ತರ ಕೈಗೆ ಸಿಗುತ್ತೆ. ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬಳೇ ಹೋಗಿ ಕೇಳು ಅಂದೆ, ಪಂದ್ಯದ ದಿನ ಬೇಡ. ನನ್ನ ಕೋಣೆಯಲ್ಲೇ ಐದಾರು ಸಲ ಹೇಳಿಸಿದೆ. ಮೊದಲ ಸಲ "ಸರ್" ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು.

ಬಿಡುವ ಮಾತಿಗೂ ಉತ್ತರ ಕೊಟ್ಟೆ. ಬಿಡಬಹುದು, ಅದು ನಿನ್ನ ನಿರ್ಧಾರ. ಆದರೆ ಈ ಸಲದ ಪಂದ್ಯಗಳೆಲ್ಲ ಮುಗಿಯಲಿ, ಆಮೇಲೆ ತೀರ್ಮಾನ ಮಾಡು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಪ್ರೇರಣೆಗೆ ಮೂರು ಬೇಕು ಅನ್ನುತ್ತಾರೆ. ಇದು ನನ್ನದೇ ಆಯ್ಕೆ, ನನಗೆ ಇದು ಕೈ ಹತ್ತುತ್ತಿದೆ, ಇವರು ನನ್ನವರು ಅನ್ನುವ ಮೂರು ಭಾವನೆ. ಕಾವ್ಯಳಿಗೆ ಮೂರೂ ಕೈತಪ್ಪಿದ್ದವು. ಎಲ್ಲಕ್ಕಿಂತ ಮೊದಲು ಆಯ್ಕೆಯನ್ನು ವಾಪಸ್ ಕೊಡಬೇಕು ಅನ್ನಿಸಿತು.

ಸರ್ ಕೊಟ್ಟ ಉತ್ತರ ಕೇಳಿ ನನಗೇ ಸಮಾಧಾನವಾಯಿತು. "ಓಟ ಚೆನ್ನಾಗಿದೆ. ಆದ್ರೆ ಖೋ ಸಿಗೋ ಮುಂಚೇನೇ ಎದ್ದುಬಿಡ್ತೀಯ. ಪ್ರತಿ ಸಲ ಫೌಲ್." ಅಟ್ಟಿಸಿಕೊಂಡು ಓಡುತ್ತಿರುವ ತಮ್ಮ ತಂಡದವಳು ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಅನ್ನುವ ತನಕ ಚೌಕದಲ್ಲಿ ಕೂತವರು ಏಳುವ ಹಾಗಿಲ್ಲ. ಇವಳು ಆತುರಕ್ಕೆ ಏಳುತ್ತಿದ್ದಳು. ಹತ್ತನೇ ತರಗತಿಯವರ ಎತ್ತರ ರಾತ್ರೋರಾತ್ರಿ ಬರುವುದಿಲ್ಲ, ಆದರೆ ಕೂತು ಕಾಯುವುದನ್ನು ಅಂಗಳದಲ್ಲೇ ಕಲಿಯಬಹುದು, ಅಲ್ವಾ? ಅದಕ್ಕೆ ಹಿಂದೆ ನಿಂತು ಖೋ ಕೊಡುವವರು ಬೇಕಿತ್ತು. ಅಪ್ಪನನ್ನೇ ಕೇಳು ಅಂದೆ.

ಹೊರಗೆ ಕೂತಾಗಿನ ಕೆಲಸವನ್ನೂ ಬದಲಿಸಿದೆವು. ಬಾಟಲಿ ತುಂಬಿಸುವುದನ್ನು ಸರದಿ ಮಾಡಿ ಎಂದು ಅವಳೇ ಸರ್‌ಗೆ ಹೇಳಿದಳು. ಎದುರು ತಂಡದ ಯಾವ ಓಟಗಾರ್ತಿ ಕಂಬದ ಹತ್ತಿರ ಯಾವ ಕಡೆ ತಿರುಗುತ್ತಾಳೆ ಅಂತ ನೋಡಿಟ್ಟುಕೊಂಡು ವಿರಾಮದಲ್ಲಿ ಕ್ಯಾಪ್ಟನ್‌ಗೆ ಹೇಳತೊಡಗಿದಳು. ಎರಡನೇ ಪಂದ್ಯದಲ್ಲಿ ಕ್ಯಾಪ್ಟನ್ ತಾನಾಗಿಯೇ ಬಂದು ಕೇಳಿದಳಂತೆ.

ಎರಡು ತಿಂಗಳ ನಂತರ ಬಂದಳು. ಹೊಟ್ಟೆನೋವು ನಿಂತು ಬಹಳ ದಿನವಾಗಿತ್ತು. ಒಂದು ಪಂದ್ಯದಲ್ಲಿ ಒಂಬತ್ತರಲ್ಲಿ ಒಬ್ಬಳಾಗಿ ಆಡಿದ್ದಳು, ಮುಂದಿನ ಎರಡರಲ್ಲಿ ಮತ್ತೆ ಹೊರಗೆ. ಅಪ್ಪ ಅಂಗಡಿಯಿಂದ ಬಂದು ಅಂಗಳದಲ್ಲಿ ಖೋ ಕೊಡುತ್ತಾರಂತೆ. ಕೆಲವು ಸಲ ಬೇಕಂತಲೇ ಬಾಯಿ ಬಿಡದೆ ಬೆನ್ನು ಮುಟ್ಟುತ್ತಾರೆ, ಇವಳು ಏಳುವುದಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದಳು: "ಮೊನ್ನೆ ಮಣ್ಣು ಹಚ್ಕೊಳ್ದೆ ಮನೆಗೆ ಹೋದೆ ಮೇಡಂ. ಇವತ್ತು ಆಡಿಸ್ಲಿಲ್ಲಪ್ಪ ಅಂತ ನಾನೇ ಹೇಳ್ದೆ. ಅಪ್ಪ ಚಪ್ಪಲಿ ಬಿಟ್ಟು ಅಂಗಳಕ್ಕೆ ಬಂದ್ರು."