ಮುಚ್ಚಳ ತೆಗೆಯುವ ಮುನ್ನ

ಪ್ರಿಯ ಸಹೋದರಿ,

ಈ ವಾರ ನನ್ನ ಮೇಜಿನ ಮೇಲಿರುವ ಪತ್ರಗಳಲ್ಲಿ ಆಸ್ತಿಯ ಜಗಳವಿದೆ, ಮುರಿದುಬಿದ್ದ ನಿಶ್ಚಿತಾರ್ಥವಿದೆ. ಅವುಗಳನ್ನು ಬದಿಗಿಟ್ಟು, ಸೋಫಾಕ್ಕೆ ಮೆತ್ತಿಕೊಂಡ ಹಿಟ್ಟಿನ ಬಗ್ಗೆ ನೀವು ಬರೆದ ನಾಲ್ಕು ಪುಟಗಳನ್ನು ಕೈಗೆತ್ತಿಕೊಂಡಿದ್ದೇನೆ. ‘ಇದು ಚಿಲ್ಲರೆ ವಿಷಯ, ನಗಬೇಡಿ’ ಎಂದು ಕೊನೆಯಲ್ಲಿ ಕೇಳಿಕೊಂಡಿದ್ದೀರಿ. ನನಗೆ ನಗು ಬರಲಿಲ್ಲ.

ಓದುಗರಿಗಾಗಿ ನಿಮ್ಮ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಗನಿಗೆ ನಾಲ್ಕು ವರ್ಷ, ಎಲ್‌ಕೆಜಿಗೆ ಹೋಗುತ್ತಾನೆ; ಮನೆ ಬೆಂಗಳೂರಿನ ಎರಡು ಕೋಣೆಗಳ ಫ್ಲಾಟು. ಹುಟ್ಟುಹಬ್ಬಕ್ಕೆ ಅವನ ಸೋದರಮಾವ ಹತ್ತು ಬಣ್ಣಗಳ, ಪ್ಲೇ ಡೋದಂಥ ಆಟದ ಹಿಟ್ಟಿನ ಡಬ್ಬಿಗಳನ್ನು ತಂದುಕೊಟ್ಟರು. ವಾರ ಕಳೆಯುವುದರೊಳಗೆ ಹತ್ತರಲ್ಲಿ ಹಲವು ಬಣ್ಣಗಳು ಕಲೆತು ಒಂದೇ ಕಂದು ಮುದ್ದೆಯಾದವು, ಆ ಮುದ್ದೆ ಟೈಲ್ಸಿನ ಸಂದುಗಳನ್ನು ಸೇರಿ, ತಿಳಿ ಬಣ್ಣದ ಹೊಸ ಸೋಫಾವನ್ನೂ ತಲುಪಿತು. ಗದಗದ ಕಡೆಯಿಂದ ಬಂದು ನಿಮ್ಮೊಡನಿರುವ ಅತ್ತೆಯವರು ‘ಉಣ್ಣೂ ಹಿಟ್ಟಿನ್ಯಾಗ ಎಂಥಾ ಆಟ?’ ಎಂದರು. ನಿಮ್ಮ ಯಜಮಾನರು ಸೋಫಾದ ಕಂತು ಇನ್ನೂ ಹದಿನಾಲ್ಕು ತಿಂಗಳಿದೆ ಎಂದು ನೆನಪಿಸಿದರು. ಕೆಲಸಕ್ಕೆ ಬರುವಾಕೆ ಮುಖ ಗಂಟಿಕ್ಕಿದರು. (ಅವರದು ತಪ್ಪಲ್ಲ, ಒಣಗಿದ ಹಿಟ್ಟನ್ನು ಕೆರೆದು ತೆಗೆಯುವ ಕೆಲಸಕ್ಕೆ ನೀವು ಸಂಬಳ ಮಾತಾಡಿರಲಿಲ್ಲ.) ನೀವು ಡಬ್ಬಿಗಳನ್ನು ಲಾಫ್ಟಿಗೆ ಏರಿಸಿದಿರಿ. ಈಗ ಭಾನುವಾರ ಮಾತ್ರ ಅವು ಕೆಳಗಿಳಿಯುತ್ತವೆ, ನೆಲಕ್ಕೆ ದಿನಪತ್ರಿಕೆ ಹಾಸಲಾಗುತ್ತದೆ, ಒಂದು ಬಣ್ಣ ಇನ್ನೊಂದನ್ನು ಮುಟ್ಟಬಾರದೆಂಬ ಕಟ್ಟಳೆಯಿದೆ, ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ನೀವು ನಿಂತಿರುತ್ತೀರಿ. ಈ ಹಿಟ್ಟನ್ನು ಎಸೆಯುವುದೋ ಇಟ್ಟುಕೊಳ್ಳುವುದೋ, ಇಟ್ಟುಕೊಳ್ಳುವುದಾದರೆ ಅತ್ತೆಯವರನ್ನು ಒಪ್ಪಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ನಾಲ್ಕು ಪುಟಗಳಲ್ಲಿ ಎರಡೂವರೆಯನ್ನು ಅತ್ತೆಯವರೇ ತುಂಬಿದ್ದಾರೆ. ಮೂರನೆಯ ಪುಟದ ಅಡಿಯಲ್ಲಿ, ಬೇರಾವುದೋ ಮಾತಿನ ನಡುವೆ, ಒಂದು ವಾಕ್ಯವನ್ನು ಸೇರಿಸಿದ್ದೀರಿ: ‘ಈಗೀಗ ಅವನು ಮುಚ್ಚಳ ತೆಗೆಯುವ ಮುಂಚೆ ನನ್ನ ಮುಖ ನೋಡುತ್ತಾನೆ, ಒಮ್ಮೊಮ್ಮೆ ತೆಗೆಯದೆ ಹಾಗೆಯೇ ಇಟ್ಟುಬಿಡುತ್ತಾನೆ, ಅದೊಂದು ಸಮಾಧಾನ.’

ಸಮಾಧಾನವೇ? ಆ ವಾಕ್ಯವನ್ನು ನಾನು ಮೂರು ಬಾರಿ ಓದಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಹಿಚುಕಿ ನೋಡಬೇಕಾದ ವಯಸ್ಸಿನ ಹುಡುಗನೊಬ್ಬ ಆಟಕ್ಕೆ ಮುಂಚೆ ಅಮ್ಮನ ಹುಬ್ಬನ್ನು ಓದುತ್ತಾನೆ, ಅಲ್ಲಿ ಕಂಡದ್ದರಿಂದ ಆಟವನ್ನೇ ಬೇಡವೆಂದುಕೊಳ್ಳುತ್ತಾನೆ. ಸೋಫಾದ ಕಲೆಗೆ ಒಂದು ಪುಟ ಕೊಟ್ಟ ನೀವು ಇದಕ್ಕೆ ಒಂದು ಸಾಲು ಕೊಟ್ಟಿದ್ದೀರಿ.

ಇದೇ ಪತ್ರದಲ್ಲಿ, ಅವನು ಪೆನ್ಸಿಲನ್ನು ಗಟ್ಟಿಯಾಗಿ ಹಿಡಿಯುವುದಿಲ್ಲವೆಂದು ಶಾಲೆಯವರು ದೂರಿದ್ದರಿಂದ ದಿನವೂ ಮುಕ್ಕಾಲು ಗಂಟೆ ಅಕ್ಷರ ತೀಡಿಸುತ್ತಿದ್ದೇನೆ ಎಂದೂ ಬರೆದಿದ್ದೀರಿ. ಈ ಅಂಕಣವನ್ನು ಬಹುಕಾಲದಿಂದ ಓದುತ್ತಿರುವವರಿಗೆ ನನ್ನ ಹಟ ಗೊತ್ತು: ಬರವಣಿಗೆ ಶುರುವಾಗುವುದು ಬೆರಳ ತುದಿಯಲ್ಲಲ್ಲ, ಅಂಗೈಯಲ್ಲಿ. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ನಾಲ್ಕು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹಲವು ಇನ್ನೂ ಮೆತ್ತಗಿನ ಮೃದ್ವಸ್ಥಿಯಾಗಿಯೇ ಇರುತ್ತವೆ, ಹೆಬ್ಬೆರಳಿನ ಬುಡದ ಸ್ನಾಯುಗಳಿಗೂ ಇನ್ನೂ ಕಸುವು ಬಂದಿರುವುದಿಲ್ಲ. ಆ ಕೈಗೆ ಬೇಕಾದದ್ದು ಹಿಂಡುವುದು, ಅಮುಕುವುದು, ಚಿವುಟುವುದು, ಹೊಸೆಯುವುದು, ತಟ್ಟುವುದು. ಇಷ್ಟನ್ನೂ ಒಟ್ಟಿಗೆ ಮಾಡಿಸುವ ವಸ್ತುವನ್ನು ಲಾಫ್ಟಿನಲ್ಲಿಟ್ಟು, ಅದಕ್ಕಿನ್ನೂ ಸಿದ್ಧವಾಗಿರದ ಕೈಗೆ ಪೆನ್ಸಿಲನ್ನು ತುರುಕುತ್ತಿದ್ದೀರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಹಂತದಲ್ಲಿ ಆಟದ ಮೂಲಕವೇ ಕಲಿಕೆ ನಡೆಯಬೇಕೆನ್ನುತ್ತದೆ. ನಿಮ್ಮ ಮಗನ ಶಾಲೆಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಇನ್ನು ಅತ್ತೆಯವರ ವಿಷಯ. ನಾನು ಅವರ ಪಕ್ಷ ವಹಿಸಿದರೆ ನಿಮಗೆ ಬೇಸರವಾದೀತು, ಆದರೂ ವಹಿಸುತ್ತೇನೆ. ಅವರು ಕೊಳೆಯ ಮಾತನ್ನೇ ಆಡಿಲ್ಲ. ಉಣ್ಣುವ ಹಿಟ್ಟು ಕಸದ ಬುಟ್ಟಿ ಸೇರುವುದನ್ನು ನೋಡಲಾರದೆ ಆಡಿದ ಮಾತು ಅದು. ಬರ ಕಂಡ ಸೀಮೆಯಿಂದ ಬಂದವರ ಬಾಯಲ್ಲಿ ಬರುವ ಆ ಮಾತಿಗೆ ತೂಕವಿದೆ. ಅವರ ಕಡೆ ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ; ಆ ದಿನ ಎರೆಮಣ್ಣನ್ನು ನಾದಿ ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿಯನ್ನೂ ಮಾಡಿಟ್ಟು ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನಿಂದಲೇ ಗುಳ್ಳವ್ವ ಎಂಬ ದೇವಿಯ ಮೂರ್ತಿಯನ್ನು ಮಾಡುತ್ತಾರೆ. ಕೆಸರಾದ ಕೈಯನ್ನು ಹಬ್ಬವಾಗಿ ಆಚರಿಸುವ ಊರಿನವರನ್ನು ನೀವು ಕೆಸರಿನ ವಿರೋಧಿ ಎಂದು ತಿಳಿದುಬಿಟ್ಟಿದ್ದೀರಿ. ಎತ್ತಿನ ಇಣಿಯನ್ನು, ಅಂದರೆ ಬೆನ್ನಿನ ಡುಬ್ಬವನ್ನು, ಎಲ್ಲಿ ಚಿವುಟಿ ಎಬ್ಬಿಸಬೇಕು, ಕೋಡು ಮುರಿಯದಂತೆ ಹೇಗೆ ಕೂರಿಸಬೇಕು ಎಂದು ಅವರನ್ನು ಒಮ್ಮೆ ಕೇಳಿ ನೋಡಿದ್ದೀರಾ? ಹಿಟ್ಟು ಅವರಿಗೆ ಒಪ್ಪಿಗೆಯಾಗದಿದ್ದರೆ, ಗಣೇಶನ ಮೂರ್ತಿ ಮಾಡುವವರಲ್ಲಿ ಸಿಗುವ ಜೇಡಿಮಣ್ಣನ್ನು ತರಿಸಿ ಅಜ್ಜಿ ಮೊಮ್ಮಗನ ನಡುವೆ ಇಡಿ, ಆಮೇಲೆ ನೀವು ಒಪ್ಪಿಸಬೇಕಾದ ಕೆಲಸವೇ ಉಳಿಯುವುದಿಲ್ಲ.

ನನಗೆ ಸಿಟ್ಟು ಬಂದಿರುವುದು ನಿಮ್ಮ ಯಜಮಾನರ ಮೇಲೆ. ಪತ್ರದಲ್ಲಿ ಅವರಿಗೆ ದೊರೆತಿರುವುದು ಒಂದೇ ಮಾತು, ಅದೂ ಕಂತಿನದು. ನಾಲ್ಕು ವರ್ಷದ ಮಗುವಿರುವ ಮನೆಗೆ ಕೆನೆಬಣ್ಣದ ಬಟ್ಟೆಯ ಸೋಫಾವನ್ನು ಸಾಲದ ಮೇಲೆ ತಂದವರು ಅವರು. ಅದನ್ನು ಕಾಯುವ ಕೆಲಸ ಮಾತ್ರ ನಿಮ್ಮ ಪಾಲಿಗೆ ಬಂದಿದೆ. ಒಂದು ಹಳೆಯ ಹೊದಿಕೆಯನ್ನು ಅದರ ಮೇಲೆ ಹೊದಿಸಿ, ಕಂತು ಮುಗಿಯುವವರೆಗೆ ತೆಗೆಯಬೇಡಿ. ಮಕ್ಕಳಿರುವ ಮನೆ ಪೀಠೋಪಕರಣದ ಮಳಿಗೆಯಂತೆ ಕಾಣಬೇಕಾಗಿಲ್ಲವೆಂದು ನಾನು ಇಲ್ಲಿ ಎಷ್ಟು ಬಾರಿ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿಹೋಗಿದೆ.

ಆ ಒದ್ದೆ ಬಟ್ಟೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದು ಮಗುವನ್ನು ಅಂಜಿಸುವುದರ ಜೊತೆಗೆ ಕಲೆಯನ್ನೂ ಹೆಚ್ಚಿಸುತ್ತದೆ. ಪ್ಲೇ ಡೋದಂಥ ಆಟದ ಹಿಟ್ಟಿನಲ್ಲಿರುವುದು ಮುಖ್ಯವಾಗಿ ಗೋಧಿಹಿಟ್ಟು, ನೀರು ಮತ್ತು ಉಪ್ಪು. ಹಸಿಯಿರುವಾಗ ಒದ್ದೆ ಬಟ್ಟೆಯಿಂದ ಉಜ್ಜಿದರೆ ಅದು ಅಂಟಾಗಿ ನೇಯ್ಗೆಯೊಳಕ್ಕೆ ಇಳಿಯುತ್ತದೆ, ಬಿಸಿನೀರು ಸೋಕಿದರಂತೂ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮುಟ್ಟದೆ ಪೂರ್ತಿ ಒಣಗಲು ಬಿಡಿ. ಮರುದಿನ ಒಣ ಬ್ರಷ್ಷಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತದೆ, ಉಳಿದದ್ದಕ್ಕೆ ತಣ್ಣೀರು ಮತ್ತು ತುಸು ಸೋಪು ಸಾಕು. ಕಡ್ಡಿಗಳ ರೂಪದಲ್ಲಿ ಮಾರುವ, ಎಂದಿಗೂ ಒಣಗದ ಎಣ್ಣೆಯಂಶದ ಕ್ಲೇ ಬೇರೆಯ ಜಾತಿಯದು, ಅದು ಬಟ್ಟೆಗೆ ಜಿಡ್ಡು ಹಿಡಿಸುತ್ತದೆ. ಅದನ್ನು ಸೋಫಾದ ಹತ್ತಿರ ತರಬೇಡಿ.

ತಮಾಷೆಯೆಂದರೆ ಈ ಪ್ಲೇ ಡೋ ಹುಟ್ಟಿದ್ದೇ ಕೊಳೆ ತೆಗೆಯುವುದಕ್ಕೆ. 1930ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಕಂಪನಿಯೊಂದು, ಕಲ್ಲಿದ್ದಲಿನ ಒಲೆಗಳ ಮಸಿ ಹಿಡಿದ ಗೋಡೆಕಾಗದವನ್ನು ಉಜ್ಜಿ ಸ್ವಚ್ಛಗೊಳಿಸಲು ಇಂಥ ಹಿಟ್ಟನ್ನು ಮಾರುತ್ತಿತ್ತು. ಮನೆಗಳಿಗೆ ಅನಿಲದ ಒಲೆ ಬಂದು ಮಸಿಯೇ ಇಲ್ಲವಾದಾಗ ವ್ಯಾಪಾರವೂ ಬತ್ತಿತು. ಕೇ ಝೂಫಾಲ್ ಎಂಬ ಶಿಶುವಿಹಾರದ ಶಿಕ್ಷಕಿ ಅದನ್ನು ತನ್ನ ಮಕ್ಕಳ ಕೈಗೆ ಕೊಟ್ಟು ನೋಡಿದ ಮೇಲೆ, 1956ರಲ್ಲಿ ಅದು ಆಟಿಕೆಯಾಗಿ ಮಾರುಕಟ್ಟೆಗೆ ಬಂತು. ಗೋಡೆ ಒರೆಸಲು ಮಾಡಿದ ಹಿಟ್ಟಿನ ಹಿಂದೆ ಬಟ್ಟೆ ಹಿಡಿದು ಓಡುವುದು ನಿಮ್ಮ ಹಣೆಯಲ್ಲಿ ಬರೆದಿತ್ತೇನೋ.

ಕಂದಾಗಿಹೋದ ಆ ಮುದ್ದೆ ಒಣಗಿ ಬಿರುಕು ಬಿಟ್ಟಾಗ ಹೊಸ ಡಬ್ಬಿ ಕೊಳ್ಳಬೇಡಿ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ಚಮಚ ಎಣ್ಣೆ, ಎರಡು ಲೋಟ ನೀರು ಇಷ್ಟನ್ನು ಕಲಸಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಕೈಯಾಡಿಸಿ, ಆರಿದ ಮೇಲೆ ಚೆನ್ನಾಗಿ ನಾದಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಬಣ್ಣಕ್ಕೆಂದು ಅರಿಶಿನ ಹಾಕಿದಿರೋ, ಯಜಮಾನರ ಮುಂದಿನ ಪತ್ರವನ್ನು ನಾನೇ ಓದಬೇಕಾದೀತು. ಉಪ್ಪು ವಿಪರೀತವಾಗಿರುವುದರಿಂದ ಅದನ್ನು ತಿನ್ನುವಷ್ಟು ಚಿಕ್ಕ ಮಕ್ಕಳ ಕೈಗೆ ಸಿಗಬಾರದು, ಗೋಧಿ ಒಗ್ಗದ ಮಕ್ಕಳಿಗೂ ಬೇಡ.

ನೀವು ಮಾಡಬೇಕಾದದ್ದು ಒಂದೇ. ನಾಳೆ ಸೋಮವಾರವೋ ಮಂಗಳವಾರವೋ ನೋಡಬೇಡಿ. ಅಕ್ಷರ ತೀಡಿಸುವ ಹೊತ್ತಿನಲ್ಲಿ ಪುಸ್ತಕ ಮುಚ್ಚಿ, ಅಡುಗೆಮನೆಯ ನೆಲದ ಮೇಲೆ ಚಪಾತಿ ಹಿಟ್ಟು ಕಲಸುವ ದೊಡ್ಡ ತಟ್ಟೆಯನ್ನಿಟ್ಟು, ನೀವೇ ಚಕ್ಕಳಮಕ್ಕಳ ಹಾಕಿ ಕುಳಿತು, ಮುಚ್ಚಳವನ್ನು ನೀವೇ ತೆಗೆಯಿರಿ, ಅವನನ್ನು ಕರೆಯುವ ಮೊದಲೇ ನಾದಲು ತೊಡಗಿರಿ. ಅವನು ಬಂದು ಎಂದಿನಂತೆ ನಿಮ್ಮ ಮುಖ ನೋಡುತ್ತಾನೆ. ಆ ಹೊತ್ತಿಗೆ ನಿಮ್ಮ ಎರಡೂ ಕೈಗಳು ಮಣಿಕಟ್ಟಿನವರೆಗೆ ಹಿಟ್ಟಾಗಿರಬೇಕು, ಒದ್ದೆ ಬಟ್ಟೆ ಬಚ್ಚಲಿನಲ್ಲಿರಬೇಕು.