ವರದಿಯಲ್ಲಿ ಬಣ್ಣದ ಚೌಕ ಹಾಕಿದರೆ ಎಸ್‌ಡಿಜಿ ಗುರಿ ಮುಟ್ಟಿದಂತಾ?

ಪ್ರಶ್ನೆ: ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೆ ಈಗಷ್ಟೇ ಸೇರಿದ್ದೇನೆ. ವಾರ್ಷಿಕ ವರದಿಯಲ್ಲಿ ಪ್ರತಿ ಯೋಜನೆಯ ಪಕ್ಕ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಯ (ಎಸ್‌ಡಿಜಿ) ಬಣ್ಣದ ಚೌಕ ಇರಬೇಕು ಅಂತಾರೆ. ನಾವು ಶಾಲೆಗಳಿಗೆ ನೀರಿನ ಫಿಲ್ಟರ್ ಕೊಟ್ಟಿದ್ದೇವೆ. ಅದಕ್ಕೆ ಆರನೇ ಗುರಿಯ (ಶುದ್ಧ ನೀರು, ನೈರ್ಮಲ್ಯ) ಚೌಕ ಹಾಕಿದೆ. ಇದರಿಂದ ಗುರಿಗೆ ನಿಜವಾಗಿ ಏನಾದರೂ ಸಹಾಯ ಆಗುತ್ತಾ, ಅಥವಾ ಸುಮ್ನೆ ಅಲಂಕಾರವಾ?

ಉತ್ತರ: ಯೋಜನೆ ಮುಗಿದ ಮೇಲೆ ಹುಡುಕಿ ಹಾಕಿದ ಚೌಕವಾದರೆ ಅಲಂಕಾರವೇ. ಎಷ್ಟೋ ವರದಿಗಳಲ್ಲಿ ಹದಿನೇಳಕ್ಕೆ ಹದಿನೇಳೂ ಚೌಕ ಹೊಳೆಯುತ್ತಿರುತ್ತವೆ. ಅಂಥ ವರದಿ ಕಂಡರೆ ನನಗೆ ಅನುಮಾನವೇ ಜಾಸ್ತಿ.

2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ 193 ಸದಸ್ಯ ದೇಶಗಳು 17 ಗುರಿಗಳನ್ನು ಒಪ್ಪಿಕೊಂಡವು. ಎಲ್ಲರ ಕಣ್ಣಿಗೆ ಬೀಳುವುದು ಅವೇ. ಆದರೆ ಅವುಗಳ ಕೆಳಗೆ 169 ಉಪಗುರಿಗಳಿವೆ, ಅವನ್ನು ಅಳೆಯುವ ಸೂಚಕಗಳಿವೆ. ಕೆಲಸ ಮಾಡುವವರು ಓದಬೇಕಾದ್ದು ಈ ಕೆಳಗಿನ ಸಾಲುಗಳನ್ನು. ನಿಮ್ಮ ಫಿಲ್ಟರನ್ನೇ ತಗೊಳ್ಳಿ. ಆರನೇ ಗುರಿಯ ಚೌಕ ತಪ್ಪಲ್ಲ. ಆದರೆ ಶಾಲೆಯಲ್ಲಿ ಕುಡಿಯುವ ನೀರು ಇದೆಯಾ ಅಂತ ಪ್ರತ್ಯೇಕವಾಗಿ ಎಣಿಸುವುದು ನಾಲ್ಕನೇ ಗುರಿಯಾದ ಶಿಕ್ಷಣದ 4.ಎ ಉಪಗುರಿಯಲ್ಲಿ. ಅದೇ ಸೂಚಕದಲ್ಲಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕೈ ತೊಳೆಯುವ ಜಾಗ, ವಿದ್ಯುತ್, ಅಂಗವಿಕಲ ಮಕ್ಕಳಿಗೆ ಬೇಕಾದ ಸೌಕರ್ಯ ಎಲ್ಲವೂ ಇವೆ. ಇದನ್ನು ಮೊದಲೇ ಓದಿದ್ದರೆ ನೀರು ಕೊಡುವಾಗಲೇ ಪಕ್ಕದಲ್ಲಿ ಕೈ ತೊಳೆಯುವ ನಲ್ಲಿಯೂ ಬೇಕು ಅಂತ ಹೊಳೆಯುತ್ತಿತ್ತು.

ಇನ್ನು ಎಣಿಕೆ. ನಿಮ್ಮ ವರದಿಯಲ್ಲಿ ಎಷ್ಟು ಫಿಲ್ಟರ್ ಕೂರಿಸಿದಿರಿ ಅಂತ ಇರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಅದೇ ಶಾಲೆಗೆ ಹೋಗಿ ನೋಡಿ. ಒಳಗಿನ ಕ್ಯಾಂಡಲ್‌ಗೆ ಕೆಸರು ಕಟ್ಟಿ ನೀರು ದಾರದ ಹಾಗೆ ಬರುತ್ತಿರುತ್ತದೆ. ಒಂದು ಲೋಟ ತುಂಬುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಮಕ್ಕಳು ಕಾಯುವುದಿಲ್ಲ, ಹಳೇ ನಲ್ಲಿಗೇ ಹೋಗುತ್ತಾರೆ. ಕ್ಯಾಂಡಲ್ ಯಾರು ಬದಲಿಸಬೇಕು, ದುಡ್ಡು ಯಾವ ಲೆಕ್ಕದಿಂದ ಬರಬೇಕು ಅಂತ ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ವರದಿಯ ಪ್ರಕಾರ ಮಾತ್ರ ಫಿಲ್ಟರ್ ಇನ್ನೂ ಅಲ್ಲೇ ಇದೆ! ಮುಂದಿನ ಸಲ ಶಾಲೆ ನಡೆದ ದಿನಗಳಲ್ಲಿ ಎಷ್ಟು ದಿನ ಒಳ್ಳೆಯ ನೀರು ಬಂತು ಅಂತ ಎಣಿಸಿ. ಬರುವ ಅಂಕಿ ಚಿಕ್ಕದಿರಬಹುದು, ಆದರೆ ಗುರಿಗೆ ಸಂಬಂಧಪಟ್ಟದ್ದು ಅದೇ.

ಪ್ರಶ್ನೆ: ನಮ್ಮಲ್ಲಿ ಯೋಜನೆಗಳಿಗೆ ಹಣ ಒಂದೊಂದೇ ವರ್ಷಕ್ಕೆ ಮಂಜೂರಾಗುತ್ತದೆ. ಮುಂದಿನ ವರ್ಷ ವಿಷಯವೇ ಬದಲಾಗುತ್ತದೆ. ಹೀಗೆ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದಾ, ಒಂದನ್ನೇ ಹಿಡಿದುಕೊಳ್ಳುವುದಾ?

ಉತ್ತರ: ಒಂದನ್ನೇ ಹಿಡಿಯಿರಿ. ಹಿಡಿದ ಮೇಲೆ ಎಷ್ಟು ಕಾಲ ಬೇಕು ಅನ್ನುವುದನ್ನು ಬಜೆಟ್ ಹೇಳಬಾರದು, ಸಮಸ್ಯೆ ಹೇಳಬೇಕು.

ರಿವರ್ ಬ್ಲೈಂಡ್‌ನೆಸ್ ಅನ್ನುವ ಕಾಯಿಲೆ ಇದೆ. ರಭಸವಾಗಿ ಹರಿಯುವ ಹೊಳೆಗಳಲ್ಲಿ ಹುಟ್ಟುವ ಒಂದು ಬಗೆಯ ಕಪ್ಪು ನೊಣ ಕಚ್ಚಿ ಹುಳು ಮೈಗೆ ಸೇರುತ್ತದೆ. ತಡೆಯಲಾಗದ ತುರಿಕೆ, ಕೊನೆಗೆ ಕುರುಡು. ಇದಕ್ಕೆ ಐವರ್‌ಮೆಕ್ಟಿನ್ ಮಾತ್ರೆ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು. ಆದರೆ ಮಾತ್ರೆ ಬೇಕಾದವರ ಕೈಯಲ್ಲಿ ಕಾಸಿರಲಿಲ್ಲ. 1987ರಲ್ಲಿ ಅಮೆರಿಕದ ಮರ್ಕ್ ಕಂಪನಿ, ಎಷ್ಟು ಬೇಕೋ ಅಷ್ಟು, ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಪುಕ್ಕಟೆ ಕೊಡುತ್ತೇವೆ ಅಂತ ಘೋಷಿಸಿತು.

ಇಲ್ಲಿ ತೂಕ ಇರುವುದು 'ಎಲ್ಲಿಯವರೆಗೆ ಬೇಕೋ' ಅನ್ನುವುದಕ್ಕೆ. ಈ ಮಾತ್ರೆ ಮರಿಹುಳುಗಳನ್ನು ಕೊಲ್ಲುತ್ತದೆ, ದೊಡ್ಡ ಹುಳುವನ್ನಲ್ಲ. ದೊಡ್ಡ ಹುಳು ಮನುಷ್ಯನ ಮೈಯಲ್ಲಿ 10-15 ವರ್ಷ ಬದುಕಬಲ್ಲದು. ಹಾಗಾಗಿ ವರ್ಷಕ್ಕೆ ಒಂದು ಸಲವಾದರೂ, ಅಷ್ಟೂ ವರ್ಷ ಮಾತ್ರೆ ನುಂಗಿಸಬೇಕು. ಎರಡು ವರ್ಷ ಕೊಟ್ಟು, ಫೋಟೋ ತೆಗೆಸಿಕೊಂಡು ಬಿಟ್ಟಿದ್ದರೆ ಕಾಯಿಲೆ ಮತ್ತೆ ಮೊದಲಿನ ಹಾಗೇ ಹಬ್ಬುತ್ತಿತ್ತು. ಹಂಚುವ ಕೆಲಸವನ್ನು ಆಯಾ ಹಳ್ಳಿಯವರೇ ಆರಿಸಿದ ಸ್ವಯಂಸೇವಕರು ಮಾಡಿದರು. ತಕ್ಕಡಿ ಬೇಡ, ಡಾಕ್ಟರೂ ಬೇಡ. ಗುರುತು ಹಾಕಿದ ಒಂದು ಕೋಲಿನ ಪಕ್ಕ ನಿಲ್ಲಿಸಿ ಎತ್ತರ ನೋಡಿ ಎಷ್ಟು ಮಾತ್ರೆ ಅಂತ ಲೆಕ್ಕ ಹಾಕುತ್ತಿದ್ದರು. ಕಾಯಿಲೆ ಹರಡುವುದು ನಿಂತಿದೆ ಅಂತ 2013ರಲ್ಲಿ ಕೊಲಂಬಿಯಾ, ಆಮೇಲೆ ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾ ದೇಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಮಾನ್ಯತೆ ಕೊಟ್ಟಿತು. ಆಫ್ರಿಕಾದಲ್ಲಿ ಮೊದಲು ಆ ಮಾನ್ಯತೆ ಸಿಕ್ಕಿದ್ದು ನೈಜರ್‌ಗೆ, 2025ರಲ್ಲಿ. ಇದು ಸೀದಾ 3.3 ಉಪಗುರಿಯ ಕೆಲಸ. ಕಡೆಗಣಿಸಿದ ಉಷ್ಣವಲಯದ ಕಾಯಿಲೆಗಳ ಹಾವಳಿಯನ್ನು 2030ರೊಳಗೆ ಕೊನೆಗಾಣಿಸಬೇಕು ಅನ್ನುತ್ತದೆ ಅದು.

ಕಂಪನಿಗೆ ಏನೂ ಲಾಭ ಇರಲಿಲ್ವಾ ಅಂದರೆ, ಅದೇ ಔಷಧಿ ಜಾನುವಾರುಗಳಿಗೆ ಮಾರಾಟವಾಗಿ ಒಳ್ಳೆಯ ದುಡ್ಡು ತಂದಿತ್ತು. ನನಗಂತೂ ಅದು ಕೊರತೆಯಾಗಿ ಕಾಣುವುದಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ, ತನ್ನ ಕೈಯಲ್ಲೇ ಇರುವ ವಸ್ತುವನ್ನು ಕೊಟ್ಟಿದ್ದರಿಂದಲೇ ಅಷ್ಟು ವರ್ಷ ಕೊಡಲು ಆಯಿತು. ನಿಮ್ಮ ಕಂಪನಿಗೂ ದುಡ್ಡಿಗಿಂತ ಚೆನ್ನಾಗಿ ಗೊತ್ತಿರುವುದು ಏನೋ ಇರುತ್ತದೆ. ಸಾಗಾಟ ಇರಬಹುದು, ಸಾಫ್ಟ್‌ವೇರ್ ಇರಬಹುದು, ಯಂತ್ರ ರಿಪೇರಿಯೇ ಇರಬಹುದು. ವಿಷಯ ಆರಿಸುವಾಗ ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ನದಿಗೆ ಕೊಳಕು ನೀರು ಬಿಡುವ ಕಾರ್ಖಾನೆಯೇ ಸಿಎಸ್‌ಆರ್ ಹಣದಲ್ಲಿ ಗಿಡ ನೆಡುತ್ತದೆ. ಇದನ್ನೂ ಸುಸ್ಥಿರ ಅಭಿವೃದ್ಧಿ ಅನ್ನಬೇಕಾ?

ಉತ್ತರ: ಅನ್ನಬೇಕಿಲ್ಲ. ಶುದ್ಧ ಮಾಡದೆ ಬಿಡುವ ಕೊಳಚೆ ನೀರಿನ ಪ್ರಮಾಣ 2030ರೊಳಗೆ ಅರ್ಧಕ್ಕೆ ಇಳಿಯಬೇಕು ಅನ್ನುತ್ತದೆ 6.3 ಉಪಗುರಿ. ಈ ಕಾರ್ಖಾನೆ ಒಂದು ಕೈಯಲ್ಲಿ ಅದನ್ನು ಹಿಂದಕ್ಕೆ ತಳ್ಳುತ್ತಾ ಇನ್ನೊಂದು ಕೈಯಲ್ಲಿ ಗಿಡದ ಲೆಕ್ಕ ತೋರಿಸುತ್ತಿದೆ.

ಸಿಎಸ್‌ಆರ್ ಅಂದರೆ ಲಾಭದಲ್ಲಿ ಒಂದು ಪಾಲು ಕೊಡುವುದು ಅಂತಲೇ ಹಲವರ ಲೆಕ್ಕ. ಭಾರತದ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಟ್ಟ ದಾಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನಾದರೂ ಇದಕ್ಕೆ ಖರ್ಚು ಮಾಡಬೇಕು. ತನ್ನ ಮಾಮೂಲಿ ವ್ಯವಹಾರದ ಭಾಗವಾಗಿ ಮಾಡಿದ ಕೆಲಸವನ್ನು ಅದರಲ್ಲಿ ತೋರಿಸುವ ಹಾಗಿಲ್ಲ. ನಿಯಮ ಸರಿಯಾಗಿಯೇ ಇದೆ. ತನ್ನ ಕೊಳಚೆ ಶುದ್ಧ ಮಾಡುವುದು ಕರ್ತವ್ಯ, ದಾನ ಅಲ್ಲ. ಆದರೆ ಇದರ ನೆರಳಲ್ಲಿ ಉಳಿದ ಶೇ 98ರ ಬಗ್ಗೆ ಯಾರೂ ಕೇಳುವುದಿಲ್ಲ. ಆ ಲಾಭ ಹೇಗೆ ಬಂತು ಅನ್ನುವುದರಲ್ಲೇ ಗುರಿಗಳ ಬಹುಪಾಲು ಅಡಗಿದೆ. ಕೂಲಿ, ಸುರಕ್ಷತೆ, ಹೊಗೆ, ನೀರು, ತೆರಿಗೆ. ಹೌದು, ತೆರಿಗೆಯೂ. ದೇಶಗಳ ತೆರಿಗೆ ಸಂಗ್ರಹದ ಶಕ್ತಿ ಹೆಚ್ಚಬೇಕು ಅನ್ನುವುದೇ 17.1 ಉಪಗುರಿ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಹುತೇಕರು ಬಟ್ಟೆ ಹೊಲಿಯುವವರು. ಗೋಡೆಯಲ್ಲಿ ಬಿರುಕು ಹಿಂದಿನ ದಿನವೇ ಕಂಡಿತ್ತು. ಅಲ್ಲಿ ಬಟ್ಟೆ ಹೊಲಿಸುತ್ತಿದ್ದ ವಿದೇಶಿ ಬ್ರ್ಯಾಂಡ್‌ಗಳ ಹತ್ತಿರ ನೀತಿಸಂಹಿತೆಗಳಿಗೇನೂ ಬರ ಇರಲಿಲ್ಲ. ಆಮೇಲೆ ಕೆಲಸಕ್ಕೆ ಬಂದಿದ್ದು ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಟನೆಗಳೂ ಸಹಿ ಹಾಕಿದ, ಕಾನೂನಿನ ಬಲ ಇರುವ ಒಪ್ಪಂದ. ಅದರಡಿ ಎಂಜಿನಿಯರ್‌ಗಳು ಕಾರ್ಖಾನೆಗಳ ಕಟ್ಟಡ, ಬೆಂಕಿ ಸುರಕ್ಷತೆ, ವೈರಿಂಗ್ ನೋಡಿದರು. ತಪಾಸಣೆಯ ವರದಿಗಳನ್ನು ಸಾರ್ವಜನಿಕವಾಗಿ ಇಟ್ಟರು. ಯಾರು ಬೇಕಾದರೂ ಓದಬಹುದಿತ್ತು.

ಹಾಗಾಗಿ ನಿಮ್ಮ ಕಾರ್ಖಾನೆಯವರನ್ನು ಗಿಡದ ಬಗ್ಗೆ ಕೇಳಬೇಡಿ. ಹೊರಗೆ ಬಿಡುವ ನೀರಿನ ಪರೀಕ್ಷಾ ವರದಿ ಎಲ್ಲಿದೆ ಅಂತ ಕೇಳಿ.

ಪ್ರಶ್ನೆ: ನಮ್ಮದು ಮೂವತ್ತು ಜನರ ಸಣ್ಣ ಘಟಕ. ಸಿಎಸ್‌ಆರ್ ನಮಗೆ ಕಡ್ಡಾಯವಲ್ಲ. ಆದರೂ ಏನಾದರೂ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬೇರೆ ಫಂಡ್ ಏನೂ ಬೇಡ. ಒಂದೇ ಕೆಲಸಕ್ಕೆ ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ ಇದೆಯಾ ನೋಡಿ, ಅದು 8.5 ಉಪಗುರಿ. ಗುಜರಿಗೆ ಹೋಗುವ ಸಾಮಾನನ್ನು ಒಂದು ತಿಂಗಳು ತೂಗಿ ಬರೆದಿಡಿ, ಅದು ತ್ಯಾಜ್ಯ ತಗ್ಗಿಸಿ ಅನ್ನುವ 12.5. ಆಮೇಲೆ ನಿಮಗಿಂತ ಸಣ್ಣವರಿಗೆ ಕೊಡಬೇಕಾದ ಬಾಕಿ ಬಿಲ್‌ಗಳನ್ನು ತೆಗೆಯಿರಿ. ಸಣ್ಣ ಉದ್ಯಮಗಳು ಬೆಳೆಯಬೇಕು ಅನ್ನುತ್ತದೆ 8.3. ಅಂಥವರಿಗೆ ಮೂರು ತಿಂಗಳು ತಡವಾಗಿ ಬರುವ ದುಡ್ಡು ಅಂದರೆ ಬಡ್ಡಿ ಸಾಲ. ಎಲ್ಲಕ್ಕಿಂತ ಹಳೆಯ ಬಿಲ್ ಮೊದಲು ಕಟ್ಟಿ.