ಕಂಪಾಸ್ ಪೆಟ್ಟಿಗೆಯಲ್ಲಿ ಉಳಿದ ಆಸ್ಪತ್ರೆ ಚೀಟಿ

ಪ್ರಶ್ನೆ: ಗೋವಾದ ಝುವಾರಿನಗರದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಮಕ್ಕಳಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಕಳೆದ ವರ್ಷ ವೈದ್ಯರ ತಂಡ ಬಂದು ಹದಿನಾಲ್ಕು ಮಕ್ಕಳಿಗೆ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿತು. ಹೋದವರು ಮೂವರೇ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ತಾಯಂದಿರು ಜಗಳಕ್ಕೆ ಬರುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಉಳಿದ ಹನ್ನೊಂದು ಚೀಟಿಗಳನ್ನು ಹುಡುಕಿ. ನಾನು ಕಂಡಂತೆ ಅವು ಕಂಪಾಸ್ ಪೆಟ್ಟಿಗೆಯಲ್ಲಿ, ಪೆನ್ಸಿಲ್ ತುಂಡುಗಳ ಕೆಳಗೆ, ನಾಲ್ಕು ಮಡಿಕೆಯಾಗಿ ಕುಳಿತಿರುತ್ತವೆ. ಮನೆ ತಲುಪಿದರೂ ಓದುವವರಿಲ್ಲ. ಓದಿದರೂ ಒಂದು ದಿನದ ಕೂಲಿ ಬಿಡಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ತಪಾಸಣೆಯಷ್ಟೇ ಅಲ್ಲ, ಮುಂದಿನ ಚಿಕಿತ್ಸೆಯೂ ಉಚಿತ. ಗೋವಾ ಸರ್ಕಾರದ ಆರೋಗ್ಯ ವಿಮೆಯಾದ ದೀನದಯಾಳ್ ಸ್ವಾಸ್ಥ್ಯ ಕಾರ್ಡಿಗೆ ಐದು ವರ್ಷ ಇಲ್ಲೇ ನೆಲೆಸಿರಬೇಕು; ಹೋದ ದೀಪಾವಳಿಗೆ ಬಂದವರಿಗೆ ಅದು ಸಿಗದು. ಶಾಲೆಯ ತಪಾಸಣೆಗೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕು. ಇದನ್ನು ತಂದೆತಾಯಿಗೆ ಬಾಯಲ್ಲೇ ಹೇಳಬೇಕು.

ಮಕ್ಕಳನ್ನು ಒಬ್ಬೊಬ್ಬರಾಗಿ ಕಳಿಸಬೇಡಿ. ಮುಖ್ಯ ಶಿಕ್ಷಕರು ಚಿಕಲಿಂ ಆಸ್ಪತ್ರೆಯವರೊಂದಿಗೆ ಮಾತನಾಡಿ ಒಂದು ದಿನ ಗೊತ್ತು ಮಾಡಲಿ. ಎಲ್ಲರ ಮನೆಯಿಂದ ಒಪ್ಪಿಗೆ ಪಡೆದು, ಹೆಬ್ಬೆಟ್ಟಿನದಾದರೂ ಸರಿ, ಇಬ್ಬರು ತಾಯಂದಿರ ಜೊತೆ ಒಟ್ಟಿಗೇ ಕಳಿಸಿ. ಉಳಿದ ಮನೆಗಳ ಕೂಲಿ ಉಳಿಯುತ್ತದೆ.

ಮಾತ್ರೆಯ ವಿಷಯದಲ್ಲಿ ತಾಯಂದಿರದು ತಪ್ಪೇನಲ್ಲ. ಹಸಿದ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮರುದಿನ ಮಲ ಕಪ್ಪಗಾಗುತ್ತದೆ. ಯಾವ ತಾಯಿ ಹೆದರುವುದಿಲ್ಲ? ಕಪ್ಪಾಗುವುದು ಕಬ್ಬಿಣದಿಂದ, ಅಪಾಯವಿಲ್ಲ ಎಂದು ಮೊದಲೇ ತಿಳಿಸಿಬಿಡಿ. ಐದನೆಯ ತರಗತಿಯವರೆಗೆ ಗುಲಾಬಿ ಮಾತ್ರೆ, ಮೇಲಿನವರಿಗೆ ನೀಲಿ, ವಾರಕ್ಕೆ ಒಂದೇ. ಮಧ್ಯಾಹ್ನದ ಪಾವ್-ಭಾಜಿ ತಿಂದ ಮೇಲೆ ನಿಮ್ಮೆದುರೇ ನುಂಗಿಸಿ, ಮನೆಗೆ ಕಟ್ಟಿಕೊಡಬೇಡಿ. ಮಾತ್ರೆಯ ಹಿಂದೆಯೇ ಚಹಾ ಬೇಡ. ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಕಣ್ಣಿನ ಪರೀಕ್ಷೆಗೆ ಮಾತ್ರ ವರ್ಷಕ್ಕೊಮ್ಮೆ ಬರುವ ತಂಡವನ್ನು ಕಾಯುತ್ತ ಕೂರಬೇಡಿ. ಹಲಗೆ ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುವ ಹುಡುಗನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಗೋಡೆಗೆ ಅಕ್ಷರಪಟ ತೂಗುಹಾಕಿ, 6 ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆದು, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿ. ಬೊಗಸೆಗೈ ಸಾಕು, ಕಣ್ಣು ಒತ್ತಬಾರದು. ಬೆರಳ ಸಂದಿಯಿಂದ ಇಣುಕುವ ಚಾಲಾಕಿಗಳ ಮೇಲೆ ಒಂದು ಕಣ್ಣಿಡಿ. ತಡವರಿಸಿದವರ ಹೆಸರನ್ನು ಆ ಹನ್ನೊಂದರ ಪಟ್ಟಿಗೇ ಸೇರಿಸಿ.

ಮೇ ರಜೆಗೆ ಊರಿಗೆ ಹೊರಡುವವರ ಮೊಬೈಲಿಗೆ ಚೀಟಿಯ ಫೋಟೋ ಹಾಕಿಕೊಡಿ. ಇದೇ ಕಾರ್ಯಕ್ರಮ ಕರ್ನಾಟಕದಲ್ಲೂ ಇದೆ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಲಿ.